ಮಕ್ಕಳ ಸಂತೆಯ ಬಹುಮಾನ ಮತ್ತು ಒಂದು ಬೀಜದ ಆಟ: ಮಂಡ್ಯ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಮಂಡ್ಯ ಜಿಲ್ಲೆ

ನಮಸ್ಕಾರಗಳು.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯಲ್ಲಿ ಅತಿ ಹೆಚ್ಚು ದುಡ್ಡು ಎಣಿಸಿದ ಮಗುವಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಇನ್ನೊಂದು ಕೋರಿಕೆಯೂ ಇದೆ. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಆಡಿಸಿದ, ಮುಂದೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಾನೂ ಆಡಿಸುತ್ತಾ ಬಂದ ಒಂದು ಬೀಜದ ಆಟವಿದೆ. ಅದನ್ನು ಜಿಲ್ಲೆಯ ಪ್ರತಿ ಮಗುವೂ ಒಮ್ಮೆಯಾದರೂ ಆಡುವಂತೆ ದಾರಿ ಮಾಡಿಕೊಡಿ. ಈ ಎರಡು ಕೋರಿಕೆಗಳಿಗೆ ಇರುವ ನಂಟನ್ನು ಮುಂದೆ ವಿವರಿಸುತ್ತೇನೆ.

ಮೊದಲು ಸಂತೆಯ ಮಾತು. ಮಕ್ಕಳ ಸಂತೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ತಕ್ಕಡಿ ಹಿಡಿದು ಕಾಲು ಕಿಲೋ ತೂಗುವುದು, ನೂರರ ನೋಟಿಗೆ ಚಿಲ್ಲರೆ ಲೆಕ್ಕ ಹಾಕಿ ಕೊಡುವುದು, ಗುರುತಿಲ್ಲದ ದೊಡ್ಡವರೊಂದಿಗೆ ಅಂಜದೆ ಚೌಕಾಸಿಗೆ ನಿಲ್ಲುವುದು, ಇವು ಕಪ್ಪುಹಲಗೆಯಿಂದ ಬರುವ ವಿದ್ಯೆಗಳಲ್ಲ. ಓದುವುದರಲ್ಲಿ ಹಿಂದೆ ಎಂದು ನಾವು ಗುರುತು ಹಾಕಿಟ್ಟ ಎಷ್ಟೋ ಮಕ್ಕಳು ಸಂತೆಯ ದಿನ ಎಲ್ಲರಿಗಿಂತ ಚುರುಕಾಗಿ ಲೆಕ್ಕ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಂತೆ ನಡೆಯಲಿ. ನನ್ನ ತಕರಾರು ಇರುವುದು ಸಂತೆ ಮುಗಿದ ಮೇಲೆ ವೇದಿಕೆಯಲ್ಲಿ ನಡೆಯುವುದರ ಬಗ್ಗೆ.

ಇತ್ತೀಚೆಗೆ ನಮ್ಮ ಹೋಬಳಿಯ ಒಂದು ಶಾಲೆಯ ಸಂತೆಗೆ ಹೋಗಿದ್ದೆ. ಶಾಲೆಯ ಹೆಸರು ಇಲ್ಲಿ ಬೇಡ, ಎಲ್ಲ ಕಡೆಯೂ ಹೀಗೇ ನಡೆಯುತ್ತದೆ. ಒಬ್ಬ ಹುಡುಗನ ಅಪ್ಪ ಸರಕು ಸಾಗಿಸುವ ಆಟೊದಲ್ಲಿ ಎಳನೀರು, ಸೌತೆಕಾಯಿ, ಬಾಳೆಗೊನೆ ತಂದು ಇಳಿಸಿದ್ದರು. ಶಾಮಿಯಾನದ ಬಾಗಿಲಲ್ಲೇ ಜಾಗ, ಮೇಜಿನ ಮೇಲೆ ಮೊಬೈಲ್‌ನಲ್ಲಿ ದುಡ್ಡು ಹಾಕಲು ಕ್ಯೂಆರ್ ಕೋಡ್, ಎಳನೀರು ಕೆತ್ತಲು ಮನೆಯ ಆಳು. ಅಪ್ಪನ ಸ್ನೇಹಿತರು ಸರದಿಯಲ್ಲಿ ನಿಂತು ಕುಡಿದರು. ಹುಡುಗ ಒಳ್ಳೆಯವನು, ಗಿರಾಕಿಗಳನ್ನು ನಗುನಗುತ್ತಾ ಮಾತನಾಡಿಸುತ್ತಿದ್ದ, ಅವನ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅದೇ ಸಾಲಿನ ಕೊನೆಯಲ್ಲಿ, ಕೈತೊಳೆಯುವ ನಲ್ಲಿಯ ಪಕ್ಕ, ಒಬ್ಬಳು ಹುಡುಗಿ ಗೋಣಿಚೀಲದ ಮೇಲೆ ಹೊನಗೊನೆ ಸೊಪ್ಪಿನ ಆರು ಕಟ್ಟು ಇಟ್ಟುಕೊಂಡು ಕುಳಿತಿದ್ದಳು. ಬೆಳಗಾಗುವ ಮುಂಚೆ ಅಜ್ಜಿಯ ಜೊತೆ ಗದ್ದೆಯ ಬದುವಿಗೆ ಹೋಗಿ ಕಿತ್ತು ತಂದ ಸೊಪ್ಪು ಅದು. ಬಾಳೆಯ ನಾರಿನಲ್ಲಿ ಬಿಗಿಯಾಗಿ ಕಟ್ಟಿ, ಬಾಡದಿರಲೆಂದು ಒದ್ದೆ ಬಟ್ಟೆ ಹೊದಿಸಿದ್ದಳು. ಕಟ್ಟಿಗೆ ಹತ್ತು ರೂಪಾಯಿ. ಮಧ್ಯಾಹ್ನದ ಹೊತ್ತಿಗೆ ಆರೂ ಕಟ್ಟು ಮಾರಿ ಅರವತ್ತು ರೂಪಾಯಿಯನ್ನು ಲಂಗದ ಜೇಬಿಗೆ ಹಾಕಿಕೊಂಡಳು.

‘ಉತ್ತಮ ವ್ಯಾಪಾರಿ’ ಪ್ರಶಸ್ತಿಪತ್ರ ಹುಡುಗನಿಗೆ ಬಂತು. ವೇದಿಕೆಯ ಮೇಲಿದ್ದ ಅತಿಥಿಗಳು, ಶ್ರಮಪಟ್ಟರೆ ಯಾರು ಬೇಕಾದರೂ ಈ ಹುಡುಗನಂತೆ ಆಗಬಹುದು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸೊಪ್ಪಿನ ಹುಡುಗಿಯೂ ತಟ್ಟಿದಳು.

ಸ್ವಾಮಿ, ನ್ಯಾಯದ ಮಾತು ಆಮೇಲಿರಲಿ, ಲೆಕ್ಕದ ಪ್ರಕಾರವೂ ಈ ಬಹುಮಾನ ತಪ್ಪು. ಅಲ್ಲಿ ಎಣಿಸಿದ್ದು ಕೈಗೆ ಬಂದ ದುಡ್ಡನ್ನು ಮಾತ್ರ. ಎಳನೀರಿಗೆ, ಆಟೊಗೆ, ಆಳಿಗೆ ಅಪ್ಪ ಹಾಕಿದ ದುಡ್ಡನ್ನು ಯಾರೂ ಕಳೆಯಲಿಲ್ಲ. ಲಾಭ ಎಂದರೆ ಮಾರಿದ ಬೆಲೆಯಲ್ಲಿ ಅಸಲು ಕಳೆದು ಉಳಿದದ್ದು ಎಂದು ಗಣಿತದ ಪಾಠದಲ್ಲಿ ನಾವೇ ಹೇಳಿಕೊಡುತ್ತೇವೆ. ಆ ಲೆಕ್ಕ ಹಾಕಿದ್ದರೆ ಒಂದು ಪೈಸೆ ಬಂಡವಾಳವಿಲ್ಲದೆ ಅರವತ್ತು ರೂಪಾಯಿ ಉಳಿಸಿದ ಹುಡುಗಿಯ ಹೆಸರನ್ನಾದರೂ ಯಾರಾದರೂ ಎತ್ತುತ್ತಿದ್ದರು. ಪಾಠದ ಪುಸ್ತಕದಲ್ಲಿ ಒಂದು ಲೆಕ್ಕ, ಶಾಲೆಯ ಅಂಗಳದಲ್ಲಿ ಇನ್ನೊಂದು ಲೆಕ್ಕ. ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು ಅಂಗಳದ್ದು.

ಈಗ ಆಟದ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ, ಎಪ್ಪತ್ತರ ದಶಕದಲ್ಲಿ. ನಮ್ಮದು ನಾಲೆಯ ಕೊನೆಯ ಭಾಗದ ಊರು. ಕೆಆರ್‌ಎಸ್ ತುಂಬಿದೆ ಎಂದು ರೇಡಿಯೊ ಹೇಳಿದರೂ ನಮ್ಮ ಗದ್ದೆಗೆ ನೀರು ಬರುವ ಹೊತ್ತಿಗೆ ಮೇಲಿನವರ ನಾಟಿ ಮುಗಿದಿರುತ್ತಿತ್ತು. ಮೇಷ್ಟ್ರು ಆಟದ ಗುಂಪುಗಳಿಗೆ ಹೆಸರಿಟ್ಟದ್ದೂ ಅಲ್ಲಿಂದಲೇ: ತೂಬಿನವರು, ನಡುವಿನವರು, ಕೊನೆಯವರು.

ಆಟ ಹೀಗಿತ್ತು. ಹುಣಸೆ ಬೀಜಕ್ಕೆ ಒಂದು ಅಂಕ, ಹೊಂಗೆ ಬೀಜಕ್ಕೆ ಐದು, ಕವಡೆಗೆ ಇಪ್ಪತ್ತೈದು. ಒಂದೇ ಬಗೆಯವು ಐದು ಕೂಡಿದರೆ ಮೇಲೆ ಹತ್ತು ಅಂಕ. ಪ್ರತಿಯೊಬ್ಬರೂ ಕಣ್ಣುಮುಚ್ಚಿ ಚೀಲಕ್ಕೆ ಕೈ ಹಾಕಿ ಐದು ತೆಗೆದುಕೊಳ್ಳಬೇಕು, ಆಮೇಲೆ ಒಬ್ಬರ ಜೊತೆ ಒಬ್ಬರು ಒಂದಕ್ಕೆ ಒಂದು ಬದಲಾಯಿಸಿಕೊಳ್ಳಬೇಕು. ಇಷ್ಟವಿಲ್ಲದವರು ಕೈಕಟ್ಟಿ ನಿಂತರೆ ಯಾರೂ ಬಲವಂತ ಮಾಡುವಂತಿಲ್ಲ. ಗಂಟೆ ಹೊಡೆದ ಕೂಡಲೇ ಎಣಿಕೆ. ಹೆಚ್ಚು ಅಂಕ ಬಂದವರು ತೂಬಿನವರು, ಅವರಿಗೆ ಮುಂದಿನ ಬೆಂಚು. ಕಡಿಮೆ ಬಂದವರು ಕೊನೆಯವರು, ನೆಲದ ಮೇಲೆ. ಉಳಿದವರು ನಡುವೆ. ಮತ್ತೆ ಬೀಜಗಳನ್ನೆಲ್ಲ ಒಟ್ಟುಮಾಡಿ ಎರಡನೆಯ ಸುತ್ತು. ಈ ಸಲ ಗುಂಪಿಗೊಂದು ಚೀಲ, ಮೂರೂ ಹೊರಗಿನಿಂದ ನೋಡಲು ಒಂದೇ ತರಹ. ತೂಬಿನವರ ಚೀಲದಲ್ಲಿ ಕವಡೆ, ಹೊಂಗೆ ತುಂಬಿವೆ ಎಂದಾಗಲಿ, ಕೊನೆಯವರದ್ದರಲ್ಲಿ ಹುಣಸೆ ಬೀಜ ಬಿಟ್ಟು ಹೆಚ್ಚೇನೂ ಇಲ್ಲವೆಂದಾಗಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಕೊನೆಯವರಲ್ಲಿದ್ದೆ. ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಿದ್ದವನು ಊರಿನ ಪಟೇಲರ ಮನೆಯ ಹುಡುಗ. ಮುಂದಿನ ಬೆಂಚಿನಲ್ಲಿ, ತೂಬಿನವರ ನಡುವೆ, ಆ ಪಟೇಲರದೇ ಗದ್ದೆಯಲ್ಲಿ ಕಳೆ ಕೀಳಲು ಹೋಗುತ್ತಿದ್ದ ತಾಯಿಯ ಮಗಳು. ಅವಳು ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ, ಹಾಜರಿಗೆ ‘ಬಂದಿದ್ದೇನೆ ಸಾರ್’ ಎನ್ನುವುದನ್ನು ಬಿಟ್ಟರೆ. ಎರಡು ಸುತ್ತು ಮುಗಿದ ಮೇಲೆ ಮೇಷ್ಟ್ರು, ತೂಬಿನವರು ಚೆನ್ನಾಗಿ ಆಡಿದ್ದಾರೆ, ಇನ್ನು ಮುಂದೆ ನಿಯಮಗಳನ್ನು ಅವರೇ ಮಾಡಲಿ ಎಂದರು. ತೂಬಿನವರು ಮೂಲೆಯಲ್ಲಿ ಸೇರಿ ಪಿಸುಗುಟ್ಟಿದರು. ಹೊರಬಂದ ಮೊದಲ ನಿಯಮವನ್ನು ಓದಿದ್ದು ಆ ಹುಡುಗಿ: ತೂಬಿನವರು ಕೇಳಿದರೆ ಕೊನೆಯವರು ಕೈಕಟ್ಟುವಂತಿಲ್ಲ, ಕೇಳಿದ್ದನ್ನು ಕೊಡಲೇಬೇಕು. ಅವಳ ದನಿ ಅಷ್ಟು ಗಟ್ಟಿಯಾಗಿದೆ ಎಂದು ನಮಗೆ ಗೊತ್ತಾದದ್ದು ಅಂದೇ.

ಆಮೇಲೆ ಮೊದಲು ಗಲಾಟೆ, ನಂತರ ಮೌನ. ಪಟೇಲರ ಹುಡುಗ ‘ಮೋಸ, ಮೋಸ’ ಎಂದು ಕೂಗಿದ. ಗಲಾಟೆ ಮಾಡಿದ್ದಕ್ಕೆ ದಂಡವಾಗಿ ಎರಡು ಬೀಜ ಕಳೆದುಕೊಂಡ. ನಮ್ಮಲ್ಲಿ ಇಬ್ಬರು ಹುಡುಗಿಯರು ಗೋಡೆಗೆ ಒರಗಿ, ಆಡುವುದೇ ಇಲ್ಲವೆಂದು ಮುಖ ತಿರುಗಿಸಿ ಕುಳಿತರು. ನಡುವಿನವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವರ ಗಮನವೆಲ್ಲ ಮುಂದಿನ ಬೆಂಚಿನ ಕಡೆಗೆ.

ಮೇಷ್ಟ್ರು ಆಟ ನಿಲ್ಲಿಸಿ ಮೂರೂ ಚೀಲಗಳನ್ನು ಮೇಜಿನ ಮೇಲೆ ಸುರಿದರು. ಕವಡೆಯ ರಾಶಿ ಒಂದು, ಹೊಂಗೆಯ ರಾಶಿ ಒಂದು, ಹುಣಸೆ ಬೀಜದ ರಾಶಿ ಒಂದು. ಯಾರು ಮೋಸ ಮಾಡಿದರು ಎಂದು ಪಟೇಲರ ಹುಡುಗನನ್ನು ಕೇಳಿದರು. ಅವನು ಆ ಹುಡುಗಿಯ ಕಡೆ ಬೆರಳು ತೋರಿಸಿದ. ಅವಳು ನಾನಲ್ಲ ಎಂದಳು. ಅಷ್ಟೇ ಅಲ್ಲ, ಚೀಲವನ್ನು ಕಣ್ಣಾರೆ ಕಂಡ ಮೇಲೂ, ‘ನಾನು ಚೆನ್ನಾಗಿ ಬದಲಾಯಿಸಿಕೊಂಡಿದ್ದಕ್ಕೇ ಗೆದ್ದದ್ದು ಸಾರ್’ ಎಂದಳು. ಅದೂ ನಿಜವೇ. ಅವಳ ಹಾಗೆ ಎದುರಿನವರ ಮುಖ ನೋಡಿ ವ್ಯಾಪಾರ ಕುದುರಿಸಿದವರು ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಜಾಣತನವೂ ನಿಜ, ಚೀಲವೂ ನಿಜ. ಚೀಲದ ಮಾತನ್ನು ಮೇಷ್ಟ್ರು ಎಷ್ಟು ಸಲ ಎತ್ತಿದರೂ ಅವಳು ಜಾಣತನದ ಮಾತಿಗೇ ಮರಳುತ್ತಿದ್ದಳು. ಇಡೀ ಆಟದಲ್ಲಿ ನನ್ನನ್ನು ಇಂದಿಗೂ ಬಿಡದೆ ಕಾಡುವುದು ಇದೊಂದೇ. ಶ್ರೀಮಂತಿಕೆಯ ಗಂಧಗಾಳಿಯಿಲ್ಲದ ಮನೆಯ ಮಗುವಿಗೆ ಹಾಗೆನಿಸಲು ಮುಕ್ಕಾಲು ಗಂಟೆಯ ಆಟ ಸಾಕಾಯಿತು. ಹುಟ್ಟಿನಿಂದ ತೂಬಿನ ಪಕ್ಕ ಬೆಳೆದವರಿಗೆ ಏನನ್ನಿಸಬೇಡ?

ಮೇಷ್ಟ್ರು ಈ ಆಟವನ್ನು ಯಾವುದೋ ತರಬೇತಿಯಲ್ಲಿ ಕಲಿತು ಬಂದಿದ್ದರಂತೆ. ಇದರ ಮೂಲ ಅಮೆರಿಕದ್ದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಗ್ಯಾರಿ ಶರ್ಟ್ಸ್ ಎಂಬುವರು 1969ರಲ್ಲಿ ‘ಸ್ಟಾರ್‌ಪವರ್’ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿದರು. ಅಲ್ಲಿ ಬಣ್ಣದ ಬಿಲ್ಲೆಗಳು, ಚೌಕ, ವೃತ್ತ, ತ್ರಿಕೋನ ಎಂಬ ಮೂರು ಗುಂಪುಗಳು. ನಿಯಮ ಮಾಡುವ ಹಕ್ಕು ಗೆದ್ದವರ ಕೈಗೆ ಹೋಗುವುದೇ ಅಲ್ಲಿಯೂ ಆಟದ ಜೀವಾಳ.

ಇದಕ್ಕೂ ಮುಂಚಿನ ಕಥೆಯೊಂದಿದೆ, ಅದನ್ನು ತಾವು ಕೇಳಲೇಬೇಕು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ದಾಳ ಹಾಕಿ, ಕಾಗದದ ನೋಟು ಹಂಚಿಕೊಂಡು, ಊರುಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುವ ‘ಬಿಸಿನೆಸ್’ ಆಟ ಆಡುತ್ತಾರಲ್ಲ, ಅದರ ಮೂಲ ‘ಮೊನಾಪಲಿ’. ಆ ಮೊನಾಪಲಿಯ ಬೇರು ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ನಲ್ಲಿದೆ, ಎಂದರೆ ಜಮೀನ್ದಾರನ ಆಟ. ಭೂಮಿಯ ಬೆಲೆ ಊರೆಲ್ಲ ಸೇರಿ ಬೆಳೆಸಿದ್ದು, ಅದರ ಲಾಭವೂ ಊರಿಗೇ ಸೇರಬೇಕು ಎಂದು ವಾದಿಸಿದ ಹೆನ್ರಿ ಜಾರ್ಜ್ ಅವರ ಅನುಯಾಯಿ ಆಕೆ. ಜಮೀನು ಒಬ್ಬರ ಕೈಯಲ್ಲಿ ಕೂಡಿಬಿದ್ದರೆ ಉಳಿದವರ ಗತಿ ಏನಾಗುತ್ತದೆ ಎಂದು ಆಡಿ ತಿಳಿಯಲಿ ಎಂದೇ ಆಕೆ ಆಟ ಮಾಡಿದ್ದು. ಆಕೆಯ ಆಟಕ್ಕೆ ಎರಡು ಬಗೆಯ ನಿಯಮಗಳಿದ್ದವು. ಒಂದರಲ್ಲಿ ಒಬ್ಬರು ಎಲ್ಲರನ್ನೂ ದಿವಾಳಿ ಮಾಡಿ ಗೆಲ್ಲುತ್ತಾರೆ. ಇನ್ನೊಂದರಲ್ಲಿ ಸಂಪತ್ತು ಹುಟ್ಟಿದಾಗಲೆಲ್ಲ ಎಲ್ಲರಿಗೂ ಪಾಲು ಸಿಗುತ್ತದೆ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಆಕೆಯ ಪೇಟೆಂಟನ್ನು 500 ಡಾಲರಿಗೆ ಕೊಂಡುಕೊಂಡಿತು. ಮನೆಮನೆಗೆ ಹೋದದ್ದು ಮೊದಲನೆಯ ನಿಯಮದ ಆಟ. ಎರಡನೆಯದು ಮೂಲೆ ಸೇರಿತು. ನಮ್ಮ ಮಕ್ಕಳ ಸಂತೆಯೂ ಇದೇ ಹಾದಿ ಹಿಡಿದಿದೆ ಎಂಬುದು ನನ್ನ ಸಂಕಟ. ಲೋಕಜ್ಞಾನ ಕೊಡಬೇಕೆಂದು ಶುರುವಾದದ್ದು ಯಾರು ಹೆಚ್ಚು ಗಳಿಸಿದರು ಎಂಬಲ್ಲಿಗೆ ಬಂದು ನಿಂತಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಪಾಲ್ ಪಿಫ್ ಎಂಬ ಮನಃಶಾಸ್ತ್ರಜ್ಞರು ಇದೇ ಮೊನಾಪಲಿಯನ್ನು ಬೇಕೆಂದೇ ಓರೆ ಮಾಡಿ ಆಡಿಸಿ ನೋಡಿದ್ದಾರೆ. ನಾಣ್ಯ ಚಿಮ್ಮಿ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಅವರಿಗೆ ಎರಡರಷ್ಟು ದುಡ್ಡು, ಎರಡು ದಾಳ. ಎದುರಾಳಿಗೆ ಅರ್ಧ ದುಡ್ಡು, ಒಂದೇ ದಾಳ. ಆಟ ಓರೆಯಾಗಿದೆ ಎಂಬುದು ಇಬ್ಬರಿಗೂ ಗೊತ್ತು, ನಾಣ್ಯ ಚಿಮ್ಮಿದ್ದನ್ನು ಇಬ್ಬರೂ ನೋಡಿದ್ದಾರೆ. ಆದರೂ ಆಟ ಮುಂದುವರಿದಂತೆ ಸಿರಿವಂತರ ದನಿ ಏರುತ್ತಾ ಹೋಯಿತು. ಕೊನೆಗೆ ಹೇಗೆ ಗೆದ್ದಿರಿ ಎಂದು ಕೇಳಿದರೆ ತಾವು ಜಾಣತನದಿಂದ ಕೊಂಡ ಊರುಗಳ ಬಗ್ಗೆ ಹೇಳಿಕೊಂಡರು, ನಾಣ್ಯದ ಮಾತು ಎತ್ತಲಿಲ್ಲ. ನನ್ನ ಸಹಪಾಠಿಯ ಉತ್ತರವೂ ಇದೇ ಆಗಿತ್ತು.

ಆದರೆ ಇದು ದೂರದ ದೇಶದ ಮಾತಲ್ಲ ಸ್ವಾಮಿ, ನಮ್ಮ ಮೈಸೂರು ಸೀಮೆಯ ಹಳೆಯ ಚರ್ಚೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವಂತೆ ಮಾಡುವುದು ಹೇಗೆಂದು ಕೇಳಿತು. ಅರ್ಹತೆಯೊಂದನ್ನೇ ನೋಡಬೇಕು, ಮಿಕ್ಕವರಿಗೆ ಓದಿನ ಅನುಕೂಲ ಹೆಚ್ಚಿಸಬೇಕು ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ನಿಲುವು. ಎಲ್ಲರೂ ಒಂದೇ ಕಡೆಯಿಂದ ಹೊರಟಿಲ್ಲದಿರುವಾಗ ಅರ್ಹತೆಯನ್ನು ಅಳೆಯುವುದು ಹೇಗೆ ಎಂಬುದು ಎದುರು ಪಕ್ಷದ ಪ್ರಶ್ನೆ. ವಿಶ್ವೇಶ್ವರಯ್ಯನವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಓದಿ ಮೇಲೆ ಬಂದವರು. ಶ್ರಮದ ಮೇಲಿನ ಅವರ ನಂಬಿಕೆ ಬಾಯಿಮಾತಿನದಲ್ಲ. ನಮ್ಮ ಜಿಲ್ಲೆ ಅನ್ನ ಉಣ್ಣುತ್ತಿರುವುದು ನಾಲ್ವಡಿಯವರು ಮತ್ತು ವಿಶ್ವೇಶ್ವರಯ್ಯನವರು, ಈ ಇಬ್ಬರ ದೂರದೃಷ್ಟಿಯಿಂದ. ಇಬ್ಬರ ಭಾವಚಿತ್ರವೂ ನಮ್ಮ ಶಾಲೆಗಳ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿದೆ. ಆ ಇಬ್ಬರು ದೊಡ್ಡವರು ಒಮ್ಮತಕ್ಕೆ ಬಾರದ ಪ್ರಶ್ನೆಯನ್ನು ಇಂದಿನ ಸಂತೆಯ ವೇದಿಕೆ ಒಂದೇ ವಾಕ್ಯದಲ್ಲಿ, ಶ್ರಮಪಟ್ಟರೆ ಸಾಕು ಎಂದು, ಮುಗಿಸಿಬಿಡುತ್ತದೆ. ಮಕ್ಕಳಿಗೆ ಉತ್ತರ ಕೊಡುವ ಮುಂಚೆ ಪ್ರಶ್ನೆಯನ್ನಾದರೂ ಕೊಡಬೇಡವೇ?

ನಮ್ಮ ಕಾಲದಲ್ಲಿ ಈ ಪ್ರಶ್ನೆ ಕಣ್ಣ ಮುಂದೆಯೇ ಇತ್ತು. ಪಟೇಲರ ಹುಡುಗ, ಅವರ ಗದ್ದೆಯ ಕೂಲಿಯವರ ಮಗಳು, ಒಕ್ಕಲುತನದ ಮನೆಯ ನಾನು, ಎಲ್ಲರೂ ಒಂದೇ ಕೊಠಡಿಯಲ್ಲಿ ಕುಳಿತೆವು. ಜಾತಿಯ ಕಹಿ ಅಲ್ಲಿಯೂ ಇತ್ತು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿತ್ತು. ಈಗ ಬೆಳಗ್ಗೆ ಎಂಟೂವರೆಗೆ ಯಾವ ಹಳ್ಳಿಯ ಕೂಡುರಸ್ತೆಯಲ್ಲಿ ಬೇಕಾದರೂ ನಿಂತು ನೋಡಿ. ಹಳದಿ ಬಸ್ಸುಗಳು ಪಟ್ಟಣದ ಕಡೆ ಹೋಗುತ್ತವೆ. ಬಸ್ಸಿನ ಶುಲ್ಕ ಕಟ್ಟಲಾಗದವರ ಮಕ್ಕಳು ನಡೆದು ಊರ ಶಾಲೆಗೆ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟಿತ್ತು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದು 2019ರ ಪ್ರವೇಶದಿಂದ ನಮ್ಮ ರಾಜ್ಯ ನಿಯಮ ಬದಲಿಸಿತು. ಸರ್ಕಾರಿ ಶಾಲೆಗಳು ಉಳಿಯಬೇಕು ಎಂಬ ಕಾಳಜಿ ಅದರ ಹಿಂದಿತ್ತು, ಅದನ್ನು ಒಪ್ಪುತ್ತೇನೆ. ಆದರೂ ಇದ್ದ ಒಂದು ಸಣ್ಣ ಬಾಗಿಲು ಬಹುಪಾಲು ಮುಚ್ಚಿತು. ಉಳ್ಳವರ ಮಕ್ಕಳಿಗೆ ಇಲ್ಲದವರ ಮಕ್ಕಳು ಇಂದು ಎದುರಾಗುವುದು ಎಲ್ಲಿ? ಹಬ್ಬದಲ್ಲಿ, ಜಾತ್ರೆಯಲ್ಲಿ, ಅದೂ ಅಪ್ಪ ಅಮ್ಮನ ಕೈ ಹಿಡಿದುಕೊಂಡು.

ಮಕ್ಕಳಿನ್ನೂ ಚಿಕ್ಕವರು, ಈಗಲೇ ಮೇಲು ಕೀಳಿನ ಮಾತು ಏಕೆ ಎಂದು ಕೆಲವು ಮುಖ್ಯೋಪಾಧ್ಯಾಯರು ನನ್ನನ್ನು ಕೇಳಿದ್ದಾರೆ. ಮಕ್ಕಳಿಗೆ ಎಲ್ಲ ಗೊತ್ತಿದೆ. ಯಾರ ಜಾಮೆಟ್ರಿ ಪೆಟ್ಟಿಗೆ ಹೊಸದು, ಯಾರ ಸಮವಸ್ತ್ರ ಅಣ್ಣನದ್ದು, ಪ್ರವಾಸದ ದುಡ್ಡು ಕಟ್ಟಲು ಆಗದೆ ಯಾರಿಗೆ ಆ ದಿನವೇ ಹೊಟ್ಟೆನೋವು ಬರುತ್ತದೆ, ಎಲ್ಲವೂ ಗೊತ್ತು. ವಿದ್ಯಾರ್ಥಿವೇತನದ ಅರ್ಜಿಯ ದಿನ ಜಾತಿಯ ಹೆಸರು ಹಿಡಿದು ಮಕ್ಕಳನ್ನು ಎದ್ದು ನಿಲ್ಲಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಶುಲ್ಕ ಬಾಕಿಯಿದ್ದ ಮಕ್ಕಳನ್ನು ಪರೀಕ್ಷೆಯ ದಿನ ಹೊರಗೆ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಮೇಲು ಕೀಳನ್ನು ಕಲಿಸಲು ಬೀಜದ ಆಟ ಬೇಕಿಲ್ಲ, ಅದನ್ನು ನಾವು ನಿತ್ಯವೂ ಕಲಿಸುತ್ತಿದ್ದೇವೆ. ಅದರ ಬಗ್ಗೆ ಬಾಯಿ ಬಿಟ್ಟು ಮಾತನಾಡಲು ಆಟ ಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಸಂವಿಧಾನದ ಪ್ರಸ್ತಾವನೆ ಓದುತ್ತಾರೆ. ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಎಂದು ಗಟ್ಟಿಯಾಗಿ ಹೇಳುತ್ತಾರೆ. ಆರ್ಥಿಕ ನ್ಯಾಯ ಎಂದರೆ ಏನು ಎಂದು ಯಾವ ಮಗುವಾದರೂ ಕೇಳಿದರೆ, ಎಷ್ಟು ಜನ ಶಿಕ್ಷಕರ ಬಳಿ ತೋರಿಸಿ ಹೇಳುವಂತಹ ಉದಾಹರಣೆ ಇದೆ?

ಶ್ರಮಕ್ಕೆ ಬೆಲೆಯೇ ಇಲ್ಲವೆಂದು ಮಕ್ಕಳು ಕೈಚೆಲ್ಲುತ್ತಾರೆ ಎಂಬ ಭಯವನ್ನೂ ಕೇಳಿದ್ದೇನೆ. ನಾನು ಆಡಿಸಿದ ವರ್ಷಗಳಲ್ಲಿ ಕಂಡದ್ದು ಅದಲ್ಲ. ಒಂದು ವರ್ಷ ಕೊನೆಯವರ ಗುಂಪಿನ ಮಕ್ಕಳು ತಲೆಗೆ ತಲೆ ಹಚ್ಚಿ ಕುಳಿತು, ತಮ್ಮ ಬೀಜಗಳನ್ನೆಲ್ಲ ಒಬ್ಬಳೇ ಹುಡುಗಿಯ ಕೈಗೆ ಹಾಕಿ, ಅವಳನ್ನು ತೂಬಿನವರ ಬೆಂಚಿಗೆ ಏರಿಸಿದರು. ಹಾಗೆ ಮಾಡಬಹುದು ಎಂದು ನಾನು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಹೇಗೆ ಹೊಳೆಯಿತು ಎಂದು ಕೇಳಿದಾಗ ಒಬ್ಬ ಹುಡುಗ ‘ಡೈರಿಗೆ ಹಾಲು ಹಾಕುವ ಹಾಗೆ ಮಿಸ್, ಒಬ್ಬೊಬ್ಬರದೇ ಆದರೆ ಯಾರು ಕೊಳ್ಳುತ್ತಾರೆ’ ಎಂದ. ಮೇಲೆ ಹೋದ ಹುಡುಗಿ ಮೊದಲ ಕೆಲಸವಾಗಿ ಮೂರು ಚೀಲಗಳನ್ನೂ ಒಂದಾಗಿಸುವ ನಿಯಮ ತಂದಳು. ಇನ್ನೊಂದು ವರ್ಷ ಹೀಗೆಯೇ ಮೇಲೆ ಕಳುಹಿಸಿದ ಹುಡುಗ ಬೆಂಚಿನ ಮೇಲೆ ಕುಳಿತ ಮೇಲೆ ಕೆಳಗಿನವರ ಕಡೆ ತಿರುಗಿ ನೋಡಲಿಲ್ಲ. ಆ ದಿನದ ಚರ್ಚೆ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ. ಇದು ಕೈಚೆಲ್ಲಿದ ಮಕ್ಕಳ ಲಕ್ಷಣವೇ?

ಒಂದು ಆಕ್ಷೇಪ ಮಾತ್ರ ನಿಜವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಟವೂ ನೋಯಿಸಬಲ್ಲದು. 1968ರಲ್ಲಿ ಅಮೆರಿಕದ ಅಯೋವ ರಾಜ್ಯದ ಜೇನ್ ಎಲಿಯಟ್ ಎಂಬ ಶಿಕ್ಷಕಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಮರುದಿನ, ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ವಿಂಗಡಿಸಿ ಒಂದು ಗುಂಪನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ನಡೆಸಿಕೊಂಡರು. ಭೇದಭಾವದ ಪಾಠವಾಗಿ ಅದು ಲೋಕಪ್ರಸಿದ್ಧವಾಯಿತು. ಎಳೆಯ ಮಕ್ಕಳ ಮೇಲೆ ಇಷ್ಟು ಕಠೋರ ಪ್ರಯೋಗ ಸರಿಯೇ ಎಂಬ ಟೀಕೆಯೂ ಬೆನ್ನಿಗೇ ಬಂತು. ಆ ಟೀಕೆಯಲ್ಲಿ ಹುರುಳಿದೆ. ಮಗುವಿನ ದೇಹ, ಬಣ್ಣ, ಮನೆ, ಜಾತಿ, ಅಪ್ಪನ ಕೆಲಸ ಯಾವುದೂ ಆಟದೊಳಗೆ ಬರಕೂಡದು. ಗುಂಪು ಚೀಟಿಯಿಂದಲೋ ಬೀಜದಿಂದಲೋ ಆಗಬೇಕು, ಶಿಕ್ಷಕರ ಆಯ್ಕೆಯಿಂದ ಅಲ್ಲ. ಕಷ್ಟದ ಮನೆಯ ಮಗು ಸತತವಾಗಿ ಕೊನೆಯವರಲ್ಲಿ ಬೀಳದಂತೆ ಶಿಕ್ಷಕರು ಸದ್ದಿಲ್ಲದೆ ನೋಡಿಕೊಳ್ಳಬೇಕು. ಐದನೇ ತರಗತಿಗಿಂತ ಕೆಳಗೆ ಬೇಡವೇ ಬೇಡ. ಮುಖ್ಯವಾಗಿ, ಆಡಿದಷ್ಟೇ ಹೊತ್ತು ಮಾತಿಗೆ ಮೀಸಲಿಡಬೇಕು, ಚೀಲಗಳನ್ನು ಎಲ್ಲರ ಮುಂದೆ ಸುರಿದು ತೋರಿಸದೆ ಮಕ್ಕಳನ್ನು ಮನೆಗೆ ಕಳುಹಿಸಬಾರದು. ಅರ್ಧಕ್ಕೆ ಬಿಟ್ಟರೆ ಆಟ ಆಡಿಸದಿರುವುದೇ ವಾಸಿ.

ನಲವತ್ತು ನಿಮಿಷದ ಒಂದು ಪೀರಿಯಡ್ ಇದಕ್ಕೆ ಸಾಲದು. ಆದರೆ ಮಕ್ಕಳು ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರ ಇದೆಯಲ್ಲ, ಅದಕ್ಕಿಂತ ಒಳ್ಳೆಯ ದಿನ ಬೇರೆ ಬೇಕೇ? ಖರ್ಚಿನ ಮಾತೇ ಇಲ್ಲ. ಹುಣಸೆ, ಹೊಂಗೆ ಬೀಜಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ಕವಡೆ ಸಿಗದಿದ್ದರೆ ಅಂಗಿಯ ಗುಂಡಿಗಳಾದರೂ ಸರಿ. ಸರ್ಕಾರಿ ಶಾಲೆಯ ಶಿಕ್ಷಕರಿಂದ ಹೊಸತು ಹುಟ್ಟುವುದಿಲ್ಲ ಎನ್ನುವವರಿಗೆ ನೆನಪಿಸಬೇಕು: ಇಂದು ರಾಜ್ಯದ ತುಂಬ ಹರಡಿರುವ ನಲಿ-ಕಲಿ ರೂಪ ತಳೆದದ್ದು ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರ ಸುಮಾರಿಗೆ, ಸರ್ಕಾರಿ ಶಾಲೆಯ ಮೇಷ್ಟ್ರುಗಳ ಕೈಯಲ್ಲಿ.

ತಮ್ಮನ್ನು ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಮಕ್ಕಳ ಸಂತೆಗಳಿಗೆ ಮುಂಚೆ ಒಂದು ಸುತ್ತೋಲೆ ಕಳುಹಿಸಿ. ಹೆಚ್ಚು ಮಾರಿದವರಿಗೆ ಬಹುಮಾನವಿಲ್ಲ, ಅದರ ಬದಲು ಪ್ರತಿ ಮಗುವೂ ಒಂದು ಹಾಳೆಯಲ್ಲಿ ತಾನು ಎಷ್ಟು ಹಾಕಿದೆ, ಅದು ಯಾರಿಂದ ಬಂತು, ಯಾರು ನೆರವಾದರು, ಕೊನೆಗೆ ಎಷ್ಟು ಉಳಿಯಿತು ಎಂದು ಬರೆದು ತರಗತಿಯಲ್ಲಿ ಓದಲಿ. ಹೀಗೆ ಮಾಡಿದರೆ ಎಳನೀರಿನ ಹುಡುಗನಿಗೆ ಅಪ್ಪನ ಆಟೊ ಕಾಣುತ್ತದೆ, ಸೊಪ್ಪಿನ ಹುಡುಗಿಗೆ ತನ್ನ ಕೆಲಸದ ಬೆಲೆ ಗೊತ್ತಾಗುತ್ತದೆ. ತನ್ನ ಮನೆಯ ವಿಷಯ ಓದಲು ಹಿಂಜರಿಯುವ ಮಗುವನ್ನು ಒತ್ತಾಯಿಸಬಾರದು ಎಂಬ ಸಾಲೂ ಅದರಲ್ಲಿರಲಿ. ಬೀಜದ ಆಟವನ್ನು ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನವರು ಒಮ್ಮೆ ತಾವೇ ಆಡಿ ನೋಡಲಿ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಸಮಾಲೋಚನಾ ಸಭೆಗಳಲ್ಲಿ ಆಡಿಸಲಿ. ದೊಡ್ಡವರು ಕೊನೆಯವರ ಗುಂಪಿನಲ್ಲಿ ಕುಳಿತಾಗ ಎಷ್ಟು ಬೇಗ ರೇಗುತ್ತಾರೆ ಎಂಬುದನ್ನು ನಾನು ಬಲ್ಲೆ.

ಖಾಸಗಿ ಶಾಲೆಗಳನ್ನು ಹೊರಗಿಡಬೇಡಿ ಎಂಬುದು ನನ್ನ ವಿಶೇಷ ಬೇಡಿಕೆ. ಆಟ ಬಡವರ ಮಕ್ಕಳ ಶಾಲೆಯಲ್ಲಿ ಮಾತ್ರ ನಡೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಎರಡೂ ಬಗೆಯ ಶಾಲೆಗಳು ತಮ್ಮ ಇಲಾಖೆಯ ವ್ಯಾಪ್ತಿಯಲ್ಲೇ ಇವೆ. ವರ್ಷಕ್ಕೊಂದು ಶನಿವಾರ ಒಂದೊಂದು ಕ್ಲಸ್ಟರಿನ, ಎಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸರ್ಕಾರಿ ಶಾಲೆಯ ಏಳನೇ ತರಗತಿಯೂ ಖಾಸಗಿ ಶಾಲೆಯ ಏಳನೇ ತರಗತಿಯೂ ಒಂದೇ ಅಂಗಳದಲ್ಲಿ ಸೇರಿ ಆಡಲಿ. ಆ ದಿನ ಎಲ್ಲರೂ ಬಣ್ಣದ ಬಟ್ಟೆಯಲ್ಲಿ ಬರಲಿ, ಶಾಲೆಯ ಗುರುತು ಬೇಡ. ಬಿಸಿಯೂಟವನ್ನೂ ಒಟ್ಟಿಗೇ ಮಾಡಲಿ. ಆಡುವಾಗ ಜಗಳವಾಗಬಹುದು, ಆಗಲಿ. ಜಗಳವಾಡಿದವರು ಒಬ್ಬರ ಹೆಸರು ಇನ್ನೊಬ್ಬರು ಮರೆಯುವುದಿಲ್ಲ.

ಈ ಪತ್ರದ ಪ್ರತಿಯನ್ನು ತಮ್ಮ ಕಚೇರಿಗೂ ಕಳುಹಿಸಿದ್ದೇನೆ. ಮದ್ದೂರು, ಮಳವಳ್ಳಿ, ಮಂಡ್ಯ ಈ ಮೂರು ತಾಲ್ಲೂಕುಗಳ ಯಾವ ಕ್ಲಸ್ಟರಿನ ಸಭೆಗೆ ಕರೆದರೂ ಬೀಜ, ಚೀಲ ನಾನೇ ತರುತ್ತೇನೆ, ಭತ್ಯೆ ಬೇಡ. ಸಭೆಗೆ ಎರಡು ಗಂಟೆ ಬಿಡುವು, ನೆಲದ ಮೇಲೆ ಕೂರಲು ಒಂದು ಜಮಖಾನ ಇದ್ದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ